ಹಾಲುಹಲ್ಲಿನ ತಿರುಳಿಗೆ ಚಿಕಿತ್ಸೆ

ಐದು ವರ್ಷದ ಮಗುವೊಂದು ನಡುರಾತ್ರಿಯಲ್ಲಿ ಎದ್ದು ಕೆನ್ನೆ ಹಿಡಿದುಕೊಂಡು ಅಳುತ್ತದೆ. ತಾಯಿ ದೀಪ ಹಚ್ಚಿ ಬಾಯಿ ತೆರೆಸಿ ನೋಡುತ್ತಾಳೆ; ಕೆಳದವಡೆಯ ಹಿಂಬದಿಯ ಹಲ್ಲಿನಲ್ಲಿ ಮೆಣಸಿನ ಕಾಳು ಕೂಡುವಷ್ಟು ಕಪ್ಪು ಕುಳಿ. ಅಜ್ಜಿ ಲವಂಗವೊಂದನ್ನು ಜಜ್ಜಿ ಹತ್ತಿಯಲ್ಲಿಟ್ಟು ಕುಳಿಗೆ ಒತ್ತುತ್ತಾಳೆ. ನೋವು ತುಸು ತಗ್ಗಿ ಮಗು ಮಲಗುತ್ತದೆ. ಬೆಳಗಾದ ಮೇಲೆ ಮನೆಯಲ್ಲಿ ಆಲೋಚನೆ ನಡೆಯುತ್ತದೆ. ಬಹುಪಾಲು ಮನೆಗಳಲ್ಲಿ ಅದರ ತೀರ್ಮಾನ ಒಂದೇ: “ಹಾಲುಹಲ್ಲು ತಾನೆ? ಹೇಗೂ ಬಿದ್ದುಹೋಗುವುದು. ಅದಕ್ಕೇಕೆ ಇಷ್ಟು ಖರ್ಚು?”

ಈ ವಾದದಲ್ಲಿ ಅರ್ಧ ಸತ್ಯವಿದೆ; ಅರ್ಧ ಸತ್ಯವಿರುವುದರಿಂದಲೇ ಅದು ಅಪಾಯಕರ. ಹಾಲುಹಲ್ಲು ಬೀಳತಕ್ಕದ್ದೇ ಸರಿ. ಆದರೆ ಯಾವಾಗ? ನಾವು ಹೇಳಿದ ಹಲ್ಲು, ಎಂದರೆ ಎರಡನೆಯ ಹಾಲುದವಡೆಹಲ್ಲು, ಸಾಮಾನ್ಯವಾಗಿ ಬೀಳುವುದು ೧೦ರಿಂದ ೧೨ ವರ್ಷದೊಳಗೆ. ಐದರ ಮಗುವಿಗೆ ಇನ್ನೂ ಐದಾರು ವರ್ಷ ಅದರಿಂದ ಕೆಲಸವಾಗಬೇಕು. ಅಷ್ಟು ಕಾಲ ನೋವಿನ ಹಲ್ಲನ್ನು ಬಾಯಲ್ಲಿ ಇಟ್ಟುಕೊಂಡಿರುವುದು ಹೇಗೆ? ಕಿತ್ತುಹಾಕಿದರೆ ಆಗುವ ನಷ್ಟವೇನು? ಕೀಳದೆ ಉಳಿಸಿಕೊಳ್ಳುವ ಉಪಾಯಗಳಲ್ಲಿ ಯಾವುದು ಮೇಲು? ಈ ಕಡೆಯ ಪ್ರಶ್ನೆಯನ್ನು ದಂತವೈದ್ಯರು ನೂರು ವರ್ಷಗಳಿಂದ ಚರ್ಚಿಸುತ್ತ ಬಂದಿದ್ದಾರೆ. ಆ ಚರ್ಚೆಯನ್ನು ಇಲ್ಲಿ ತುಸು ವಿವರವಾಗಿ ನೋಡೋಣ. ಎರಡು ಚಿಕಿತ್ಸೆಗಳನ್ನು ಹೋಲಿಸುವುದೆಂದರೆ ಎಷ್ಟು ಕಷ್ಟದ ಕೆಲಸ ಎಂಬುದೂ ಅದರಿಂದ ತಿಳಿದುಬರುತ್ತದೆ.

ಮೊದಲು ಹಲ್ಲಿನ ರಚನೆಯನ್ನು ನೆನಪಿಗೆ ತಂದುಕೊಳ್ಳಬೇಕು. ಮಗುವಿಗೆ ಆರು ತಿಂಗಳಾಗುವ ಸುಮಾರಿಗೆ ಮೊದಲ ಹಲ್ಲು ಮೂಡಿ, ಎರಡೂವರೆ ವರ್ಷದ ಹೊತ್ತಿಗೆ ೨೦ ಹಾಲುಹಲ್ಲುಗಳೂ ಪೂರ್ತಿಯಾಗುತ್ತವೆ: ಬಾಚಿಹಲ್ಲು ೮, ಕೋರೆಹಲ್ಲು ೪, ದವಡೆಹಲ್ಲು ೮. ಒಂದು ಹಲ್ಲನ್ನು ಉದ್ದುದ್ದಕ್ಕೆ ಸೀಳಿ ನೋಡಿದರೆ ಹೊರಗೆ ಗಾಜಿನಂತೆ ಗಟ್ಟಿಯಾದ ಎನಾಮೆಲ್ ಹೊದಿಕೆ, ಅದರೊಳಗೆ ಹಳದಿ ಛಾಯೆಯ ಡೆಂಟಿನ್, ಎಲ್ಲಕ್ಕೂ ಒಳಗೆ ಮೆತ್ತಗಿನ ತಿರುಳು ಕಾಣುತ್ತವೆ. ತಿರುಳೆಂದರೆ ರಕ್ತನಾಳ, ನರ ಮತ್ತು ಜೀವಕೋಶಗಳ ಒಂದು ಗೊಂಚಲು. ಹಲ್ಲಿನ ತಲೆಯಲ್ಲಿ ಅದು ಒಂದು ಕೋಣೆಯನ್ನು ತುಂಬಿಕೊಂಡು, ಅಲ್ಲಿಂದ ಒಂದೊಂದು ಬೇರಿನೊಳಕ್ಕೂ ಎಳೆಯಂತೆ ಇಳಿದು, ಬೇರಿನ ತುದಿಯ ಸಣ್ಣ ರಂಧ್ರದ ಮೂಲಕ ದವಡೆಯ ರಕ್ತನಾಳಗಳನ್ನು ಕೂಡುತ್ತದೆ. ಹಲ್ಲಿಗೆ ಜೀವವಿದೆ ಎಂದು ನಾವು ಹೇಳುವುದು ಈ ತಿರುಳನ್ನು ಕುರಿತು.

ಹಾಲುಹಲ್ಲಿಗೂ ಶಾಶ್ವತ ಹಲ್ಲಿಗೂ ಮುಖ್ಯವಾದ ವ್ಯತ್ಯಾಸಗಳುಂಟು. ಹಾಲುಹಲ್ಲಿನ ಎನಾಮೆಲಿನ ದಪ್ಪ ಸುಮಾರು ೧ ಮಿಲಿಮೀಟರು ಮಾತ್ರ. ಶಾಶ್ವತ ಹಲ್ಲಿನದಕ್ಕಿಂತ ಬಹಳ ತೆಳು. ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ತಿರುಳಿನ ಕೋಣೆ ದೊಡ್ಡದು. ಅದರ ಮೂಲೆಗಳು ಕೊಂಬುಗಳಂತೆ ಮೇಲಕ್ಕೆ ಚಾಚಿಕೊಂಡಿರುತ್ತವೆ. ಆದ್ದರಿಂದ ಹೊರಗೆ ಸಣ್ಣದಾಗಿ ಕಾಣುವ ಹುಳುಕು ಒಳಗೆ ತಿರುಳನ್ನು ಆಗಲೇ ಮುಟ್ಟಿರುವುದು ಅಪರೂಪವಲ್ಲ. ಇನ್ನೊಂದು ಸಂಗತಿ ಎಲ್ಲಕ್ಕಿಂತ ಗಮನಾರ್ಹವಾದುದು. ಹಾಲುದವಡೆಹಲ್ಲಿನ ಬೇರುಗಳು ಇಕ್ಕಳದ ಬಾಯಿಯಂತೆ ಅಗಲವಾಗಿ ಹರಡಿಕೊಂಡಿರುತ್ತವೆ. ಆ ಬೇರುಗಳ ನಡುವೆ, ಕೋಳಿಯ ರೆಕ್ಕೆಯ ಕೆಳಗಿನ ಮರಿಯಂತೆ, ಮುಂದೆ ಬರಬೇಕಾದ ಶಾಶ್ವತ ಹಲ್ಲಿನ ಮೊಳಕೆ ಬೆಳೆಯುತ್ತಿರುತ್ತದೆ. ಮೊಳಕೆ ಮೇಲೇರುತ್ತ ಬಂದಂತೆ ಹಾಲುಹಲ್ಲಿನ ಬೇರು ಕರಗುತ್ತ ಹೋಗುತ್ತದೆ. ಬೇರು ಪೂರ್ತಿ ಕರಗಿದಾಗ ಹಲ್ಲು ಬೀಳುತ್ತದೆ. ಹಾಲುಹಲ್ಲಿನ ತಿರುಳು ಕೊಳೆತಾಗ ಕೀವು ಮೊದಲು ಸೇರುವುದು ಹೆಚ್ಚಾಗಿ ಬೇರುಗಳು ಕವಲೊಡೆಯುವ ಜಾಗದಲ್ಲಿ, ಎಂದರೆ ಸರಿಯಾಗಿ ಈ ಮೊಳಕೆಯ ನೆತ್ತಿಯ ಮೇಲೆ. ಕೀವು ಬಹುಕಾಲ ಅಲ್ಲಿ ನಿಂತರೆ, ಮೂಡಿಬರುವ ಶಾಶ್ವತ ಹಲ್ಲಿನ ಎನಾಮೆಲಿನಲ್ಲಿ ಕಂದು ಕಲೆಯೋ ಗುಳಿಯೋ ಉಳಿದುಬಿಡುವುದುಂಟು. ಹೇಗೂ ಬಿದ್ದುಹೋಗುವ ಹಲ್ಲು, ಬೀಳದಿರುವ ಹಲ್ಲಿಗೆ ಹೀಗೆ ಕೇಡನ್ನು ಮಾಡಿಹೋಗಬಲ್ಲದು.

ಹುಳುಕು ಹಲ್ಲಿನಲ್ಲಿ ಹುಳುವಿಲ್ಲವೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ೧೮೯೦ರಲ್ಲಿ ಡಬ್ಲ್ಯು. ಡಿ. ಮಿಲ್ಲರ್ ಎಂಬ ಅಮೆರಿಕದ ವಿಜ್ಞಾನಿ, ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದಾಗ, ಬಾಯಿಯ ಸೂಕ್ಷ್ಮಜೀವಿಗಳನ್ನು ಕುರಿತ ತನ್ನ ಗ್ರಂಥದಲ್ಲಿ ಇದರ ಕಾರಣವನ್ನು ವಿವರಿಸಿದನು. ಬಾಯಲ್ಲಿರುವ ಬ್ಯಾಕ್ಟೀರಿಯಗಳು ಸಕ್ಕರೆಯನ್ನೂ ಪಿಷ್ಟವನ್ನೂ ಹುದುಗಿಸಿ ಆಮ್ಲ ಮಾಡುತ್ತವೆ. ಆ ಆಮ್ಲ ಹಲ್ಲಿನ ಸುಣ್ಣದಂಶವನ್ನು ಕರಗಿಸುತ್ತದೆ. ಎನಾಮೆಲಿಗೆ ನರವಿಲ್ಲ, ಅದು ಕರಗುವಾಗ ಮಗುವಿಗೆ ಏನೂ ತಿಳಿಯದು. ಕರಗುವಿಕೆ ಡೆಂಟಿನ್ನಿಗೆ ತಲುಪಿದಾಗ ಸಿಹಿ ತಿಂದರೆ, ತಣ್ಣೀರು ಕುಡಿದರೆ ಚುಳ್ಳೆನ್ನುತ್ತದೆ.

ತಿರುಳಿನ ಸ್ಥಿತಿ

ಈ ಹಂತದಲ್ಲಿ ತಿರುಳು ಕೈಕಟ್ಟಿ ಕೂಡುವುದಿಲ್ಲ. ಅದರ ಅಂಚಿನಲ್ಲಿರುವ ಕೋಶಗಳು ಹೊಸ ಡೆಂಟಿನ್ನನ್ನು ಕಟ್ಟಿ ಅಡ್ಡಗೋಡೆ ಎಬ್ಬಿಸಲು ತೊಡಗುತ್ತವೆ. ಹುಳುಕು ನಿಧಾನವಾದರೆ ಗೋಡೆ ಗೆಲ್ಲುತ್ತದೆ, ವೇಗವಾದರೆ ಹುಳುಕು ಗೆಲ್ಲುತ್ತದೆ. ಸೋತ ತಿರುಳು ಉರಿಯೂತಕ್ಕೆ ಒಳಗಾಗುತ್ತದೆ. ಬೆರಳಿಗೆ ಮುಳ್ಳು ಚುಚ್ಚಿದರೆ ಬೆರಳು ಊದಿಕೊಳ್ಳಲು ಜಾಗವಿದೆ. ತಿರುಳು ಗಟ್ಟಿ ಗೋಡೆಗಳ ಪೆಟ್ಟಿಗೆಯೊಳಗಿರುವುದರಿಂದ ಊದಲು ಎಡೆಯಿಲ್ಲದೆ ಒತ್ತಡವೇರಿ ನರಗಳನ್ನು ಹಿಂಡುತ್ತದೆ. ಹಲ್ಲುನೋವು ಅಷ್ಟು ತೀವ್ರವಾಗಿರಲು ಇದೇ ಕಾರಣ.

ಆದರೆ ಉರಿಯೂತ ತಿರುಳಿನ ಎಲ್ಲ ಭಾಗಕ್ಕೂ ಏಕಕಾಲದಲ್ಲಿ ಹರಡುವುದಿಲ್ಲ. ಹುಳುಕು ಮುಟ್ಟಿದ ಕೊಂಬಿನಲ್ಲಿ ಆರಂಭವಾಗಿ, ಕೋಣೆಯಲ್ಲಿ ವ್ಯಾಪಿಸಿ, ಆಮೇಲೆ ಬೇರಿಗೆ ಇಳಿಯುತ್ತದೆ. ಚಿಕಿತ್ಸೆಯ ಆಯ್ಕೆಯೆಲ್ಲ ಒಂದು ಪ್ರಶ್ನೆಯನ್ನು ಅವಲಂಬಿಸಿದೆ: ಕೆಡುಕು ಎಲ್ಲಿಯವರೆಗೆ ಇಳಿದಿದೆ? ತಿನ್ನುವಾಗ ಮಾತ್ರ ನೋವು ಬಂದು ತಿಂಡಿ ತೆಗೆದೊಡನೆ ನಿಂತರೆ ತಿರುಳು ಇನ್ನೂ ಚೇತರಿಸಿಕೊಳ್ಳಬಲ್ಲುದೆಂದು ಊಹಿಸಬಹುದು. ಏನೂ ತಿನ್ನದೆಯೇ, ನಿದ್ದೆಯಲ್ಲಿರುವಾಗಲೇ, ತಾನಾಗಿ ನೋವೆದ್ದರೆ ಕೆಡುಕು ಆಳಕ್ಕಿಳಿದಿರುವ ಸಂಭವ ಹೆಚ್ಚು. ವಸಡಿನ ಮೇಲೆ ಕೀವಿನ ಗುಳ್ಳೆ, ಕೆನ್ನೆಯ ಬಾವು, ವಯಸ್ಸಿಗೆ ಮೊದಲೇ ಹಲ್ಲಿನ ಅಲುಗಾಟ, ಕ್ಷಕಿರಣ ಚಿತ್ರದಲ್ಲಿ ಬೇರುಗಳ ನಡುವಣ ಎಲುಬು ಕರಗಿ ಕಪ್ಪಾಗಿ ಕಾಣುವುದು, ಇವೆಲ್ಲ ತಿರುಳು ಸತ್ತಿರುವುದರ ಗುರುತುಗಳು. ಇಷ್ಟಾದರೂ ಇವು ಹೊರಗಿನಿಂದ ಮಾಡುವ ಅಂದಾಜುಗಳೇ. ಕಿತ್ತ ಹಲ್ಲುಗಳ ತಿರುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಂದಾಜು ಹಲವು ಸಲ ತಪ್ಪಿದ್ದು ಕಂಡುಬಂದಿದೆ. ಐದು ವರ್ಷದ ರೋಗಿ ತನ್ನ ನೋವಿನ ವೃತ್ತಾಂತವನ್ನು ಕ್ರಮವಾಗಿ ಹೇಳಲಾರನೆಂಬುದೂ ವೈದ್ಯನ ಕಷ್ಟಕ್ಕೆ ಸೇರುತ್ತದೆ.

ಹುಳುಕು ತಿರುಳಿನ ಸಮೀಪಕ್ಕೆ ಬಂದಿದ್ದರೂ ಅದನ್ನು ಹೊಕ್ಕಿಲ್ಲವಾದರೆ, ಹಿಂದಿನ ವೈದ್ಯರು ಕೊಳೆತ ಭಾಗವನ್ನೆಲ್ಲ ಕೆರೆದು ತೆಗೆಯುತ್ತಿದ್ದರು. ಕೆರೆಯುವ ಭರದಲ್ಲಿ ತಿರುಳು ತೆರೆದುಕೊಳ್ಳುತ್ತಿತ್ತು. ಈಗ ಅಂಚುಗಳನ್ನು ಮಾತ್ರ ಚೊಕ್ಕಟ ಮಾಡಿ, ತಿರುಳಿನ ಮೇಲಿರುವ ಕೊನೆಯ ಪದರವನ್ನು ಹಾಗೆಯೇ ಬಿಟ್ಟು, ಮೇಲೆ ಭದ್ರವಾಗಿ ಮುಚ್ಚುತ್ತಾರೆ. ಇದಕ್ಕೆ ಪರೋಕ್ಷ ಚಿಕಿತ್ಸೆಯೆಂದು ಹೆಸರು. ಒಳಗೆ ಉಳಿದ ಬ್ಯಾಕ್ಟೀರಿಯಗಳ ಗತಿಯೇನು? ಅವಕ್ಕೆ ಬಾಯಿಯಿಂದ ಬರುತ್ತಿದ್ದ ಸಕ್ಕರೆ ನಿಂತುಹೋಗುತ್ತದೆ. ಬಾಗಿಲು ಹಾಕಿ ಅನ್ನ ನಿಲ್ಲಿಸಿದ ಮೇಲೆ ಅವುಗಳ ಹಾವಳಿ ಅಡಗುತ್ತದೆ. ತಿರುಳು ತನ್ನ ಗೋಡೆಯನ್ನು ಕಟ್ಟಿಕೊಳ್ಳುತ್ತದೆ.

ಹುಳುಕು ತಿರುಳಿನ ಕೋಣೆಯನ್ನು ಹೊಕ್ಕಿದ್ದು ಬೇರಿನ ಎಳೆಗಳು ಇನ್ನೂ ಆರೋಗ್ಯವಾಗಿದ್ದರೆ, ಕೋಣೆಯ ತಿರುಳನ್ನು ಮಾತ್ರ ಕತ್ತರಿಸಿ ತೆಗೆದು, ಬೇರಿನದನ್ನು ಜೀವಸಹಿತ ಉಳಿಸಿಕೊಳ್ಳಬಹುದು. ಇದು ಪಲ್ಪಾಟಮಿ. ಮರವಳಿಕೆಯ ಮದ್ದು ಚುಚ್ಚಿ, ಎಂಜಲು ತಾಗದಂತೆ ಹಲ್ಲಿನ ಸುತ್ತ ರಬ್ಬರಿನ ಹಾಳೆ ಹೊದಿಸಿ, ಕೋಣೆಯ ಮೇಲ್ಛಾವಣಿಯನ್ನು ತೆಗೆದು ತಿರುಳನ್ನು ಕತ್ತರಿಸುತ್ತಾರೆ. ಬಳಿಕ ಒದ್ದೆ ಹತ್ತಿಯನ್ನು ಕೆಲವು ನಿಮಿಷ ಒತ್ತಿ ಹಿಡಿಯುತ್ತಾರೆ. ಬೇರಿನ ಬಾಯಿಗಳಲ್ಲಿ ರಕ್ತ ನಿಂತರೆ ಒಳಗಿನ ತಿರುಳು ಚೆನ್ನಾಗಿದೆಯೆಂದೂ, ಕಪ್ಪಾಗಿ ಒಸರುತ್ತಲೇ ಇದ್ದರೆ ಕೆಟ್ಟಿದೆಯೆಂದೂ ಬಗೆಯುವುದು ವಾಡಿಕೆ. ಈ ರಕ್ತದ ಸಾಕ್ಷ್ಯವೂ ಪೂರ್ತಿ ನಂಬತಕ್ಕದ್ದಲ್ಲ. ಆದರೂ ಕೈಯಲ್ಲಿರುವ ಸಾಕ್ಷ್ಯಗಳಲ್ಲಿ ಅದು ಉಪಯುಕ್ತವಾದುದು. ಈಗ ಬೇರಿನ ತಿರುಳಿನ ಕಡಿದ ಬಾಯಿಯ ಮೇಲೆ ಏನನ್ನು ಇಡಬೇಕು? ಎಲ್ಲ ಜಗಳವೂ ಇಲ್ಲಿಯೇ.

ಮೂರು ಮದ್ದುಗಳ ಕಥೆ

ಮೊದಲನೆಯದು ಫಾರ್ಮೋಕ್ರೆಸಾಲ್. ಅಮೆರಿಕದ ಬಕ್ಲಿ ಎಂಬ ದಂತವೈದ್ಯ ೧೯೦೪ರಲ್ಲಿ ಇದನ್ನು ಕೊಳೆತ ತಿರುಳಿನ ಚಿಕಿತ್ಸೆಗೆಂದು ಬಳಕೆಗೆ ತಂದನು. ಅದರಲ್ಲಿ ಶೇಕಡ ೧೯ ಫಾರ್ಮಾಲ್ಡಿಹೈಡ್, ಶೇಕಡ ೩೫ ಕ್ರೆಸಾಲ್, ಉಳಿದದ್ದು ಗ್ಲಿಸರಿನ್ ಮತ್ತು ನೀರು. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಪ್ಪೆಗಳನ್ನು ಜಾಡಿಯಲ್ಲಿಟ್ಟಿರುವ ದ್ರವದ ಮೂಗು ಚುಚ್ಚುವ ವಾಸನೆ ವಿದ್ಯಾರ್ಥಿಗಳಿಗೆ ಪರಿಚಿತವಷ್ಟೆ. ಅದೇ ಫಾರ್ಮಾಲ್ಡಿಹೈಡ್ ಇಲ್ಲಿಯೂ ಇರುವುದು. ೧೯೩೦ರಲ್ಲಿ ಸ್ವೀಟ್ ಎಂಬುವನು ಇದನ್ನು ಹಾಲುಹಲ್ಲಿನ ಪಲ್ಪಾಟಮಿಗೆ ಅಳವಡಿಸಿದನು. ಮೊದಮೊದಲು ಮಗುವನ್ನು ಹಲವು ಸಲ ಕರೆತರಬೇಕಾಗಿತ್ತು. ಕ್ರಮೇಣ ಒಂದೇ ಭೇಟಿಗೆ, ಮದ್ದಿನಲ್ಲಿ ಅದ್ದಿದ ಹತ್ತಿಯನ್ನು ಐದು ನಿಮಿಷ ಇಡುವುದಕ್ಕೆ ಇಳಿಯಿತು. ಅಗ್ಗ, ಸುಲಭ, ನೋವು ನಿಂತುಹೋಗುತ್ತದೆ. ಜಗತ್ತಿನ ದಂತವೈದ್ಯ ಕಾಲೇಜುಗಳು ಎರಡು ಮೂರು ತಲೆಮಾರು ಇದನ್ನೇ ಪಾಠ ಹೇಳಿದುವು.

ಫಾರ್ಮೋಕ್ರೆಸಾಲ್ ತಿರುಳನ್ನು ಗುಣಪಡಿಸುವುದಿಲ್ಲ. ಜಾಡಿಯ ಕಪ್ಪೆಯಂತೆ ಅದು ತಿರುಳಿನ ಮೇಲ್ಭಾಗವನ್ನು ಕೊಳೆಯದಂತೆ ಹದಗೊಳಿಸಿಡುತ್ತದೆ. ಅದರ ಕೆಳಗೆ ಸ್ವಲ್ಪ ಉರಿಯೂತ, ಇನ್ನೂ ಕೆಳಗೆ ಜೀವವಿರುವ ತಿರುಳು. ಕೆಲವು ವರ್ಷಗಳಲ್ಲಿ ಹೇಗೂ ಬೀಳುವ ಹಲ್ಲಿಗೆ ಇಷ್ಟು ಸಾಕೆಂಬುದು ಅದರ ಪಕ್ಷದವರ ವಾದವಾಗಿತ್ತು. ಇದು ತಳ್ಳಿಹಾಕತಕ್ಕ ವಾದವಲ್ಲ. ಆದರೆ ೧೯೭೦ರ ದಶಕದಿಂದೀಚೆಗೆ, ಮದ್ದು ಹಲ್ಲಿನಲ್ಲಿಯೇ ನಿಲ್ಲದೆ ರಕ್ತಕ್ಕೂ ಸೇರುವುದೇ ಎಂಬ ಶಂಕೆ ಬೆಳೆಯಿತು. ಹಲವರು ಅದನ್ನು ಐದರಲ್ಲೊಂದು ಪಾಲಿಗೆ ತೆಳ್ಳಗೆ ಮಾಡಿ ಬಳಸತೊಡಗಿದರು. ೨೦೦೪ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ತಜ್ಞರು ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದರು. ಇಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದುಂಟು. ಆ ತೀರ್ಮಾನಕ್ಕೆ ಆಧಾರ ಬಹುಕಾಲ ಅದರ ಹಬೆಯನ್ನು ಉಸಿರಾಡಿದ ಕೆಲಸಗಾರರ ವಿಷಯ. ಹಲ್ಲಿನಲ್ಲಿ ಐದು ನಿಮಿಷ ಇಟ್ಟ ಹತ್ತಿಯ ವಿಷಯವಲ್ಲ. ನಮ್ಮ ಶರೀರವೇ ದಿನವೂ ಸ್ವಲ್ಪ ಫಾರ್ಮಾಲ್ಡಿಹೈಡನ್ನು ಉತ್ಪತ್ತಿ ಮಾಡುತ್ತದೆ. ಈ ಮದ್ದಿನಿಂದ ಇಂಥ ಮಗುವಿಗೆ ಕ್ಯಾನ್ಸರ್ ಬಂತೆಂದು ಯಾರೂ ತೋರಿಸಿಲ್ಲ. ಆದರೂ ಅಷ್ಟೇ ಗುಣವುಳ್ಳ ಬೇರೆ ಮದ್ದು ದೊರೆಯುವುದಾದರೆ ಇದನ್ನೇ ಹಿಡಿದುಕೊಂಡಿರಬೇಕಾದ ಕಾರಣ ನಮಗೆ ತೋರದು.

ಎರಡನೆಯ ಮದ್ದು ಕ್ಯಾಲ್ಸಿಯಮ್ ಹೈಡ್ರಾಕ್ಸೈಡ್. ಹೆಸರು ದೊಡ್ಡದಾದರೂ ವಸ್ತು ನಮ್ಮ ಎಲೆಯಡಿಕೆಯ ತಟ್ಟೆಯಲ್ಲಿರುವ ಅರಳಿದ ಸುಣ್ಣವೇ. (ಹಾಗೆಂದು ತಟ್ಟೆಯ ಸುಣ್ಣವನ್ನು ಹಲ್ಲಿನ ಕುಳಿಗೆ ಮೆತ್ತಬಾರದು, ವಸಡು ಸುಟ್ಟುಹೋದೀತು.) ೧೯೨೦ರಲ್ಲಿ ಜರ್ಮನಿಯ ಹೆರ್ಮಾನ್ ಇದನ್ನು ದಂತಚಿಕಿತ್ಸೆಗೆ ತಂದನು. ತೀಕ್ಷ್ಣಕ್ಷಾರವಾದ ಇದು ತಗುಲಿದ ತಿರುಳು ತುಸು ಸುಟ್ಟು, ಅದರ ಕೆಳಗಿನ ಕೋಶಗಳು ಎಚ್ಚೆತ್ತು ಹೊಸ ಡೆಂಟಿನ್ನಿನ ಸೇತುವೆ ಕಟ್ಟುತ್ತವೆ. ಶಾಶ್ವತ ಹಲ್ಲುಗಳಲ್ಲಿ ಇದು ಬಹಳ ಕಾಲ ಯಶಸ್ವಿಯಾಗಿ ನಡೆಯಿತು. ತಿರುಳನ್ನು ಕೊಲ್ಲದೆ ಗುಣಪಡಿಸುವ ಮದ್ದು ಹಾಲುಹಲ್ಲಿಗೂ ಫಾರ್ಮೋಕ್ರೆಸಾಲಿಗಿಂತ ಮೇಲಾಗಲೇಬೇಕೆಂದು ಯಾರಾದರೂ ತರ್ಕಿಸುವರು. ಪ್ರಯೋಗ ಬೇರೆಯೇ ಹೇಳಿತು. ೧೯೬೨ರಲ್ಲಿ ಡಾಯ್ಲ್ ಮತ್ತು ಅವನ ಸಂಗಡಿಗರು ಎರಡನ್ನೂ ಹೋಲಿಸಿದಾಗ ಗೆದ್ದದ್ದು ಫಾರ್ಮೋಕ್ರೆಸಾಲ್. ಸುಣ್ಣ ಹಾಕಿದ ಹಾಲುಹಲ್ಲುಗಳಲ್ಲಿ ಅನೇಕಕ್ಕೆ ವಿಚಿತ್ರವಾದ ಗತಿಯೊದಗುತ್ತಿತ್ತು: ಒಳಗಿನ ಕೋಶಗಳು ಡೆಂಟಿನ್ ಕಟ್ಟುವ ಬದಲು ಬೇರನ್ನು ಒಳಗಿನಿಂದಲೇ ತಿನ್ನತೊಡಗುತ್ತಿದ್ದುವು. ಬೇರನ್ನು ಕರಗಿಸುವ ಪ್ರವೃತ್ತಿ ಹಾಲುಹಲ್ಲಿಗೆ ಹುಟ್ಟುಗುಣವೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಸೊಗಸಾದ ತರ್ಕ ಕಣ್ಣೆದುರಿನ ಹಲ್ಲಿಗೆ ಸೋತ ಸಂದರ್ಭಗಳಲ್ಲಿ ಇದೊಂದು.

ಮೂರನೆಯದು ಹುಟ್ಟಿದ್ದು ೧೯೯೦ರ ದಶಕದ ಆರಂಭದಲ್ಲಿ, ಕ್ಯಾಲಿಫೋರ್ನಿಯದ ಲೋಮಾ ಲಿಂಡಾ ವಿಶ್ವವಿದ್ಯಾನಿಲಯದಲ್ಲಿ. ಮಹಮೂದ್ ತೊರಾಬಿನೆಜಾದ್ ಮತ್ತು ಅವರ ಸಹೋದ್ಯೋಗಿಗಳು ಸಿದ್ಧಪಡಿಸಿದ ಈ ಪುಡಿಗೆ ಎಂ.ಟಿ.ಎ. ಎಂದು ಹೆಸರು. ಅದರ ಮುಕ್ಕಾಲು ಪಾಲು ಮನೆ ಕಟ್ಟುವ ಪೋರ್ಟ್‌ಲೆಂಡ್ ಸಿಮೆಂಟಿನ ಜಾತಿಯದೇ. ಕ್ಷಕಿರಣ ಚಿತ್ರದಲ್ಲಿ ಕಾಣಲೆಂದು ಸುಮಾರು ಐದರಲ್ಲೊಂದು ಪಾಲು ಬಿಸ್ಮತ್ ಆಕ್ಸೈಡ್, ಉಳಿದದ್ದು ಜಿಪ್ಸಮ್. ಶುದ್ಧೀಕರಣದಲ್ಲಿಯೂ ಕಣಗಳ ನಯದಲ್ಲಿಯೂ ಇದು ಅಂಗಡಿಯ ಸಿಮೆಂಟಿಗಿಂತ ಬಹಳ ಮೇಲು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಣೆಕಟ್ಟಿನ ಸಿಮೆಂಟು ನೀರಿನಲ್ಲಿಯೇ ಗಟ್ಟಿಯಾಗುವಂತೆ ಇದೂ ರಕ್ತ ಜಿನುಗುವ ಒದ್ದೆ ಜಾಗದಲ್ಲಿಯೇ ಕೆಲವು ಗಂಟೆಗಳಲ್ಲಿ ಗಟ್ಟಿಯಾಗುತ್ತದೆ. ಗಟ್ಟಿಯಾಗುತ್ತ ಸುಣ್ಣವನ್ನು ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆ. ಬರಿಯ ಸುಣ್ಣ ಕಾಲಕ್ರಮದಲ್ಲಿ ಕರಗಿ ಕೆಳಗೆ ಟೊಳ್ಳಾಗುತ್ತದೆ. ಸಿಮೆಂಟು ಹಾಗಾಗದೆ ಮುಚ್ಚಳವಾಗಿ ನಿಲ್ಲುತ್ತದೆ. ಇದರ ದೋಷಗಳು ಎರಡು: ಹಲ್ಲಿನ ಬಣ್ಣವನ್ನು ಬೂದಾಗಿಸುತ್ತದೆ, ಮತ್ತು ಬೆಲೆ ಹೆಚ್ಚು. ಬಣ್ಣದ ದೋಷ ಹಿಂಬದಿಯ ಹಲ್ಲಿಗೆ ದೊಡ್ಡದಲ್ಲ. ಬೆಲೆಯ ದೋಷ ನಮ್ಮ ದೇಶದಲ್ಲಿ ದೊಡ್ಡದೇ. ಫಾರ್ಮೋಕ್ರೆಸಾಲಿನ ಸೀಸೆ ಇಂದಿಗೂ ಹಲವೆಡೆ ಕಪಾಟು ಬಿಟ್ಟು ಕದಲದಿರುವುದಕ್ಕೆ ಇದೂ ಒಂದು ಕಾರಣ. ಇದೇ ಕುಲದ, ಬಣ್ಣಗೆಡಿಸದ ಬೇರೆ ಸಿಮೆಂಟುಗಳೂ ಈಚೆಗೆ ಬಂದಿವೆ.

ಹೋಲಿಕೆಯ ಕಷ್ಟ

ಯಾವುದು ಮೇಲೆಂದು ತೀರ್ಮಾನಿಸುವುದು ಹೇಗೆ? ಒಬ್ಬ ವೈದ್ಯ ನೂರು ಹಲ್ಲಿಗೆ ಒಂದು ಮದ್ದು ಹಾಕಿ ತೊಂಬತ್ತು ಗುಣವಾದುವೆಂದು ಹೇಳಿದರೆ ಅದರಿಂದ ಏನೂ ಸಿದ್ಧವಾಗದು. ಅವನು ಸುಲಭವಾದ ಹಲ್ಲುಗಳನ್ನೇ ಆರಿಸಿಕೊಂಡಿರಬಹುದು. ಯಾವ ಮಗುವಿಗೆ ಯಾವ ಮದ್ದೆಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಗೊತ್ತುಮಾಡಬೇಕು. ಆಮೇಲೆ ಫಲವನ್ನು ನೋಡುವವನಿಗೆ, ಸಾಧ್ಯವಾದ ಮಟ್ಟಿಗೆ, ಯಾವ ಹಲ್ಲಿಗೆ ಯಾವ ಮದ್ದೆಂಬುದು ತಿಳಿಯದಿರಬೇಕು. ಗುಣವೆಂದರೆ ಏನೆಂಬುದನ್ನೂ ಮೊದಲೇ ನಿಶ್ಚಯಿಸಬೇಕು. ನೋವಿಲ್ಲ, ಬಾವಿಲ್ಲ ಎಂದಷ್ಟೇ ನೋಡಿದರೆ ಬಹುಮಟ್ಟಿಗೆ ಎಲ್ಲ ಮದ್ದುಗಳೂ ಗೆಲ್ಲುತ್ತವೆ. ಕ್ಷಕಿರಣ ಚಿತ್ರ ತೆಗೆದು ನೋಡಿದರೆ, ನಗುತ್ತಿರುವ ಮಗುವಿನ ದವಡೆಯಲ್ಲಿಯೂ ಎಲುಬು ಸದ್ದಿಲ್ಲದೆ ಕರಗುತ್ತಿರುವುದು ಕಂಡೀತು. ಆರು ತಿಂಗಳಿಗೆ ಸರಿಯಾಗಿದ್ದುದು ಎರಡು ವರ್ಷಕ್ಕೆ ಕೆಟ್ಟಿರಬಹುದು. ಎರಡು ವರ್ಷ ಕಾಯೋಣವೆಂದರೆ ಅಷ್ಟರಲ್ಲಿ ಎಷ್ಟೋ ಮಕ್ಕಳ ಮನೆಯವರು ಊರು ಬಿಟ್ಟಿರುತ್ತಾರೆ.

ಇಂಥ ಪ್ರಯೋಗಗಳನ್ನೆಲ್ಲ ಕೂಡಿಹಾಕಿ ತೂಗಿನೋಡುವ ಕಾಕ್ರೇನ್ ಸಂಸ್ಥೆ ೨೦೧೮ರಲ್ಲಿ ಹಾಲುಹಲ್ಲಿನ ತಿರುಳಿನ ಚಿಕಿತ್ಸೆಯನ್ನು ಕುರಿತ ತನ್ನ ಸಮೀಕ್ಷೆಯನ್ನು ಪರಿಷ್ಕರಿಸಿ ಪ್ರಕಟಿಸಿತು. ಯಾದೃಚ್ಛಿಕ ಪ್ರಯೋಗಗಳು ೮೭ ದೊರೆತಿದ್ದುವು. ಅವುಗಳಲ್ಲಿ ಮಾಡಿದ್ದ ಹೋಲಿಕೆಗಳು ೧೨೫ ಬಗೆ! ಒಬ್ಬೊಬ್ಬ ಸಂಶೋಧಕನೂ ತನಗೆ ಪ್ರಿಯವಾದ ಜೋಡಿಯನ್ನು ಹಿಡಿದು ಹೊರಟರೆ, ಒಂದೇ ಪ್ರಶ್ನೆಗೆ ಹಲವರು ಕೊಟ್ಟ ಉತ್ತರಗಳನ್ನು ಕೂಡಿಸುವ ಅವಕಾಶವೇ ಉಳಿಯುವುದಿಲ್ಲ. ಇದು ಸಂಶೋಧನೆಯ ವೈಭವವೋ ದಾರಿದ್ರ್ಯವೋ ವಾಚಕರೇ ಹೇಳಲಿ. ಆದರೂ ಕೂಡಿಸಲು ಬಂದಷ್ಟರಿಂದ ಎಚ್ಚರಿಕೆಯ ತೀರ್ಮಾನವೊಂದು ಹೊರಟಿತು: ಪಲ್ಪಾಟಮಿಗೆ ಎಂ.ಟಿ.ಎ. ಎಲ್ಲಕ್ಕಿಂತ ಫಲಕಾರಿಯಾಗಿರಬಹುದು, ಸುಣ್ಣ ಎಂ.ಟಿ.ಎ.ಗೂ ಫಾರ್ಮೋಕ್ರೆಸಾಲಿಗೂ ಕೆಳಗೆ.

೨೦೧೭ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆ ಅಂಕಿಗಳನ್ನೂ ಕೊಟ್ಟಿತು. ಎರಡು ವರ್ಷದ ಕೊನೆಗೆ ಎಂ.ಟಿ.ಎ. ಹಾಕಿದ ಹಲ್ಲುಗಳಲ್ಲಿ ಶೇಕಡ ೮೯.೬, ಫಾರ್ಮೋಕ್ರೆಸಾಲ್ ಹಾಕಿದವುಗಳಲ್ಲಿ ಶೇಕಡ ೮೫ ಚೆನ್ನಾಗಿದ್ದುವು. ಈ ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದಿರಬಹುದಾದಷ್ಟು ಸಣ್ಣದು. ಅದೇ ಸಮೀಕ್ಷೆಯಲ್ಲಿ ಪರೋಕ್ಷ ಚಿಕಿತ್ಸೆಯ ಯಶಸ್ಸು ಶೇಕಡ ೯೪.೪. ಹಾಗಾದರೆ ಎಲ್ಲ ಹಲ್ಲಿಗೂ ಪರೋಕ್ಷ ಚಿಕಿತ್ಸೆಯನ್ನೇ ಮಾಡಬಹುದಲ್ಲ ಎಂದು ವಿದ್ಯಾರ್ಥಿಯೊಬ್ಬ ಕೇಳಬಹುದು. ಸ್ವಲ್ಪ ನಿಂತು ಯೋಚಿಸಬೇಕು. ಪರೋಕ್ಷ ಚಿಕಿತ್ಸೆ ಪಡೆದುವು ತಿರುಳು ತೆರೆಯದಿದ್ದ ಹಲ್ಲುಗಳು. ಪಲ್ಪಾಟಮಿಗೆ ಬಂದುವು ಹೆಚ್ಚಾಗಿ ತಿರುಳು ತೆರೆದಿದ್ದುವು. ನೆಗಡಿಯ ರೋಗಿಗಳನ್ನೂ ನ್ಯುಮೋನಿಯದ ರೋಗಿಗಳನ್ನೂ ಪಕ್ಕದಲ್ಲಿಟ್ಟು ವೈದ್ಯರ ಜಾಣ್ಮೆಯನ್ನು ಅಳೆದಂತಾಯಿತು. ಆ ಅಂಕಿ ಹೇಳುವುದು ಇಷ್ಟೇ: ತಿರುಳು ತೆರೆಯದಂತೆ ನೋಡಿಕೊಳ್ಳಲು ಸಾಧ್ಯವಿರುವ ಹಲ್ಲಿನಲ್ಲಿ ಅದನ್ನು ತೆರೆಯುವ ಕೆಲಸಕ್ಕೆ ಹೋಗಬಾರದು.

ಮದ್ದಿನಷ್ಟೇ ಮುಖ್ಯವಾದುದು ಮೇಲಿನ ಮುಚ್ಚಳ. ಒಳಗೆ ಎಷ್ಟು ಒಳ್ಳೆಯ ಮದ್ದಿಟ್ಟರೂ ಅಂಚಿನಲ್ಲಿ ಎಂಜಲು ಇಳಿಯುವಂತಿದ್ದರೆ ಬ್ಯಾಕ್ಟೀರಿಯ ಮತ್ತೆ ಹೊಗುತ್ತದೆ. ಆದ್ದರಿಂದ ದವಡೆಹಲ್ಲಿಗೆ ೧೯೫೦ರಿಂದ ಬಳಕೆಗೆ ಬಂದ, ಸಿದ್ಧ ಅಳತೆಗಳಲ್ಲಿ ದೊರೆಯುವ ತುಕ್ಕು ಹಿಡಿಯದ ಉಕ್ಕಿನ ಟೋಪಿ ಹಾಕುವುದು ರೂಢಿ. ನೋಡಲು ಚೆಂದವಲ್ಲ, ಆದರೆ ಬಾಳಿಕೆ ಬರುತ್ತದೆ. ಈ ಟೋಪಿಯನ್ನೇ ಸ್ಕಾಟ್ಲೆಂಡಿನ ನಾರ್ನಾ ಹಾಲ್ ಎಂಬ ದಂತವೈದ್ಯೆ ಬೇರೊಂದು ರೀತಿಯಲ್ಲಿ ಬಳಸಿದಳು. ಸೂಜಿಯಿಲ್ಲ, ಕೊರೆಯುವ ಯಂತ್ರವಿಲ್ಲ, ಹುಳುಕನ್ನು ಕೆರೆಯುವುದೂ ಇಲ್ಲ. ತಿರುಳು ಕೆಟ್ಟ ಗುರುತಿಲ್ಲದ ಹಲ್ಲಿಗೆ, ಟೋಪಿಯಲ್ಲಿ ಅಂಟುಸಿಮೆಂಟು ತುಂಬಿ, ಹುಳುಕಿನ ಮೇಲೆಯೇ ಕೂಡಿಸಿ, ಮಗುವಿನಿಂದಲೇ ಕಚ್ಚಿಸುವುದು. ೨೦೦೬ರಲ್ಲಿ ಅವಳ ದಾಖಲೆಗಳು ಪ್ರಕಟವಾದಾಗ ಹಲವರು ಹುಬ್ಬುಗಂಟಿಕ್ಕಿದರು. ಡಂಡಿಯ ಸಂಶೋಧಕರು ೧೩೨ ಮಕ್ಕಳಲ್ಲಿ, ಒಂದೇ ಬಾಯಿಯ ಒಂದು ಹಲ್ಲಿಗೆ ಈ ಕ್ರಮವನ್ನೂ ಇನ್ನೊಂದಕ್ಕೆ ವಾಡಿಕೆಯ ಕ್ರಮವನ್ನೂ ಅನುಸರಿಸಿ ನೋಡಿದರು. ಐದು ವರ್ಷದ ಮೇಲೆ ತಿರುಳು ಕೆಟ್ಟೋ ಕೀವಾಗಿಯೋ ಸೋತವು ಟೋಪಿಯ ಹಲ್ಲುಗಳಲ್ಲಿ ಶೇಕಡ ೩, ಉಳಿದವುಗಳಲ್ಲಿ ಶೇಕಡ ೧೬.೫. ಪರೋಕ್ಷ ಚಿಕಿತ್ಸೆಯ ತತ್ತ್ವವೇ ಇಲ್ಲಿಯೂ ಕೆಲಸ ಮಾಡಿದ್ದು. ಸೂಜಿಯ ಭಯದಿಂದ ಬಾಯಿ ಬಿಗಿಯುವ ಮಗುವಿಗೆ ಇದು ದೊಡ್ಡ ಉಪಕಾರ.

ಇಷ್ಟಕ್ಕೇ ಹಿಗ್ಗಬಾರದು. ಬ್ರಿಟನ್ನಿನಲ್ಲಿ ೩ರಿಂದ ೭ ವರ್ಷದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಕೊರೆದು ತುಂಬುವ ವಾಡಿಕೆಯ ಚಿಕಿತ್ಸೆ, ಇನ್ನೊಂದಕ್ಕೆ ಹುಳುಕನ್ನು ಮುಚ್ಚಿಡುವ ಚಿಕಿತ್ಸೆ, ಮತ್ತೊಂದಕ್ಕೆ ಶುಚಿತ್ವ, ಆಹಾರ, ಫ್ಲೋರೈಡ್ ಮುಂತಾದ ತಡೆಯ ಉಪಾಯಗಳನ್ನು ಮಾತ್ರ ಕೊಟ್ಟು, ಸುಮಾರು ಮೂರು ವರ್ಷ ನೋಡಿದರು. ತಡೆಯ ಉಪಾಯಗಳು ಎಲ್ಲ ಗುಂಪುಗಳಿಗೂ ಇದ್ದುವು. ಇದು ಕಾಲೇಜು ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗವಲ್ಲ; ಸಾಮಾನ್ಯ ದಂತವೈದ್ಯರ ಚಿಕಿತ್ಸಾಲಯಗಳಲ್ಲಿ ನಡೆದದ್ದು. ೨೦೨೦ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ಗುಂಪುಗಳಲ್ಲಿಯೂ ಶೇಕಡ ೪೦ರಿಂದ ೪೫ರಷ್ಟು ಮಕ್ಕಳು ಒಮ್ಮೆಯಾದರೂ ನೋವು ಅಥವಾ ಕೀವನ್ನು ಅನುಭವಿಸಿದ್ದರು. ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಒಂದು ಹಲ್ಲನ್ನು ಗೆಲ್ಲುವುದು ಬೇರೆ, ಹುಳುಕಿಗೆ ಒಗ್ಗಿಹೋದ ಒಂದು ಬಾಯಿಯನ್ನು ಗೆಲ್ಲುವುದು ಬೇರೆ.

ಇನ್ನು ಬೇರಿನ ತಿರುಳೂ ಸತ್ತಿದ್ದರೆ? ಆಗ ಅದನ್ನೂ ಪೂರ್ತಿ ತೆಗೆದು ಬೇರಿನ ಕೊಳವೆಗಳನ್ನು ತುಂಬಬೇಕು, ಇದು ಪಲ್ಪೆಕ್ಟಮಿ. ದೊಡ್ಡವರ ಹಲ್ಲಿಗೆ ತುಂಬುವ ಗಟ್ಟಾಪರ್ಚ ಇಲ್ಲಿಗೆ ಸಲ್ಲದು. ಅದು ಕರಗದೆ ಹೊಸ ಹಲ್ಲಿನ ದಾರಿಗೆ ಅಡ್ಡವಾಗುತ್ತದೆ. ಬೇರಿನೊಡನೆ ತಾನೂ ಕರಗುವ ಲೇಪವೇ ಬೇಕು. ಸತುವಿನ ಆಕ್ಸೈಡನ್ನು ಲವಂಗದ ಎಣ್ಣೆಯ ಸಾರವಾದ ಯೂಜಿನಾಲ್‌ನೊಡನೆ ಕಲಸಿದ ಲೇಪ ಹಳೆಯದು. ಅಜ್ಜಿಯ ಲವಂ‍ಗ ಇಲ್ಲಿ ವೈದ್ಯಶಾಸ್ತ್ರದೊಳಗೇ ಬಂದು ಕುಳಿತಿದೆ. ಅದು ಬೇರಿಗಿಂತ ನಿಧಾನವಾಗಿ ಕರಗುತ್ತದೆ. ಅಯೊಡೋಫಾರ್ಮ್ ಬೆರೆತ ಲೇಪಗಳು ಕೆಲವೊಮ್ಮೆ ಬೇರಿಗಿಂತ ಬೇಗ ಕರಗಿ ಕೊಳವೆಯನ್ನು ಬರಿದು ಮಾಡುತ್ತವೆ. ಎರಡರಲ್ಲಿ ಯಾವುದು ಮೇಲೆಂಬುದಕ್ಕೆ ಕಾಕ್ರೇನ್ ಸಮೀಕ್ಷೆಯಲ್ಲಿ ಗಟ್ಟಿಯಾದ ಉತ್ತರ ದೊರೆಯಲಿಲ್ಲ. ಜಪಾನಿನ ನೀಗಾತಾ ವಿಶ್ವವಿದ್ಯಾನಿಲಯದಲ್ಲಿ ಮೂರು ಜೀವಿರೋಧಕಗಳ ಮಿಶ್ರಣವನ್ನು ಕೋಣೆಯಲ್ಲಿಟ್ಟು ಕೊಳವೆಗಳನ್ನು ಕೆರೆಯದೆಯೇ ಬಿಡುವ ಕ್ರಮವೊಂದು ಬಂದಿತು. ೨೦೨೦ರ ಅಮೆರಿಕದ ಮಾರ್ಗದರ್ಶಿ ಅದನ್ನು ಬೇರು ಆಗಲೇ ಕರಗತೊಡಗಿರುವ ಹಲ್ಲುಗಳಿಗೆ, ಅದೂ ಹೆಚ್ಚೆಂದರೆ ಒಂದು ವರ್ಷದ ಮಟ್ಟಿಗೆ, ಒಪ್ಪಿತು.

ಕೀಳಲೇಬೇಕಾದ ಸಂದರ್ಭಗಳೂ ಉಂಟು. ಬೇರು ಬಹುಪಾಲು ಕರಗಿದ್ದರೆ, ಮೇಲೆ ಟೋಪಿ ನಿಲ್ಲಿಸುವಷ್ಟೂ ಹಲ್ಲು ಉಳಿದಿಲ್ಲದಿದ್ದರೆ, ಮಗುವಿಗೆ ಕೆಲವು ಬಗೆಯ ಹೃದ್ರೋಗವಿದ್ದು ಬಾಯಿಯ ಸೋಂಕು ಹೃದಯಕ್ಕೆ ತಾಗುವ ಭಯವಿದ್ದರೆ, ಹಲ್ಲನ್ನು ಉಳಿಸುವ ಹಟ ಬೇಡ. ಕೆನ್ನೆ ಊದಿ ಜ್ವರ ಬಂದು, ಬಾವು ಕಣ್ಣಿನ ಕಡೆಗೋ ಗಂಟಲಿನ ಕಡೆಗೋ ಏರಿ, ನುಂಗಲು ಕಷ್ಟವಾದರೆ ಲವಂಗವಿಟ್ಟು ಕಾಯುವ ಕಾಲ ಅದಲ್ಲ. ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಕಿತ್ತ ಮೇಲೆ ಜಾಗವನ್ನು ಕಾಯುವ ಪ್ರಶ್ನೆ ಬರುತ್ತದೆ. ಆರನೆಯ ವರ್ಷದ ಸುಮಾರಿಗೆ ಎರಡನೆಯ ಹಾಲುದವಡೆಹಲ್ಲಿನ ಬೆನ್ನಿಗೆ ಒರಗಿಕೊಂಡು ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. (ಯಾವ ಹಲ್ಲೂ ಬೀಳದೆ ಹೊಸದಾಗಿ ಬರುವುದರಿಂದ ಇದನ್ನೂ ಹಾಲುಹಲ್ಲೆಂದೇ ತಿಳಿದು ಹುಳುಕಲು ಬಿಡುವವರು ಬಹಳ.) ಮುಂದಿನ ಹಲ್ಲು ಇಲ್ಲದಿದ್ದರೆ ಅದು ಮುಂದಕ್ಕೆ ಜರುಗಿ, ಕೆಳಗಿನಿಂದ ಬರಬೇಕಾದ ಹಲ್ಲಿನ ಜಾಗವನ್ನು ಆಕ್ರಮಿಸುತ್ತದೆ. ಇದನ್ನು ತಡೆಯಲು ಪಕ್ಕದ ಹಲ್ಲಿಗೆ ಪಟ್ಟಿ ಕಟ್ಟಿ ತಂತಿಯ ಕುಣಿಕೆಯನ್ನು ನಿಲ್ಲಿಸುತ್ತಾರೆ. ಆದರೆ ಐದರ ಮಗುವಿಗೆ ಆಧಾರಕ್ಕೆ ಹಿಂದಿನ ಹಲ್ಲೇ ಇನ್ನೂ ಮೂಡಿರುವುದಿಲ್ಲ. ಆ ವಯಸ್ಸಿನಲ್ಲಿ ಹಾಲುಹಲ್ಲಿಗಿಂತ ಉತ್ತಮವಾದ ಜಾಗದ ಕಾವಲುಗಾರ ಬೇರೊಂದಿಲ್ಲ.

ಚಿಕಿತ್ಸೆಯಾದ ಹಲ್ಲನ್ನು ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು; ವೈದ್ಯರು ಆಗಾಗ ಕ್ಷಕಿರಣ ಚಿತ್ರ ತೆಗೆದು ಬೇರುಗಳ ನಡುವಣ ಎಲುಬನ್ನೂ ಕೆಳಗಿನ ಮೊಳಕೆಯನ್ನೂ ನೋಡುತ್ತಾರೆ. ಎಲ್ಲವೂ ಸರಿಯಾಗಿ ನಡೆದರೆ ಹನ್ನೊಂದರ ಸುಮಾರಿಗೆ ಹಲ್ಲು ಅಲುಗಾಡತೊಡಗಿ, ಒಂದು ದಿನ ಉಕ್ಕಿನ ಟೋಪಿಸಹಿತ ಮಗುವಿನ ಕೈಗೆ ಬರುತ್ತದೆ. ಬಿದ್ದ ಹಾಲುಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಡಿನ ಮೇಲೆಸೆಯುವ ಪದ್ಧತಿ ನಮ್ಮ ಹಲವು ಮನೆಗಳಲ್ಲಿದೆ. ಎಸೆಯುವ ಮುನ್ನ ಅದನ್ನು ಮಗುಚಿ ಒಮ್ಮೆ ಭೂತಗನ್ನಡಿಯಲ್ಲಿ ನೋಡಬೇಕು. ಬೇರುಗಳಿದ್ದ ಜಾಗದಲ್ಲಿ ಕರಗಿ ಉಳಿದ ಒರಟು ಅಂಚು, ನಡುವೆ ತಿರುಳಿನ ಕೋಣೆ, ಕೋಣೆಯಲ್ಲಿ ಆರು ವರ್ಷದ ಹಿಂದೆ ಇಟ್ಟ ಸಿಮೆಂಟಿನ ಚೂರು ಕಾಣಸಿಗಬಹುದು.